ನನ್ನ ಹದಿನೆಂಟು ಸೆಕೆಂಡು

ಬ್ಯಾಂಡ್ ಬಿಡುವುದರಲ್ಲಿ ಯಾರಾದರೂ ಡಾಕ್ಟರೇಟ್ ಕೊಡುವುದಾದರೆ ಅದು ನನಗೇ ಸಲ್ಲಬೇಕು. ಹನ್ನೆರಡು ವರ್ಷದಲ್ಲಿ ನಾಲ್ಕು ಬ್ಯಾಂಡ್ ಬಿಟ್ಟಿದ್ದೇನೆ, ನಾಲ್ಕನ್ನೂ ಜಗಳವಾಡಿಯೇ. ಕ್ವಾಲಾಲಂಪುರದ ಬಾಂಗ್ಸಾರ್‌ನ ಮೊದಲ ಬ್ಯಾಂಡಿನವರು ‘ಸೀರೆ ಉಟ್ಟುಕೊಂಡು ಬಾ, ನೋಡಲಿಕ್ಕೆ ಚೆನ್ನಾಗಿರುತ್ತದೆ’ ಎಂದರು. ಬಿಟ್ಟೆ. ಎರಡನೆಯವರು ನನ್ನನ್ನು ಮೈಕಿನಿಂದ ಒಂದು ಮಾರು ದೂರ ನಿಲ್ಲಿಸಿದರು. ಬಿಟ್ಟೆ. ಮೂರನೆಯವರು ಒಳ್ಳೆಯವರೇ, ಆದರೆ ಪ್ರಾಕ್ಟೀಸಿಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಕಾಯುತ್ತಾ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ನಾಲ್ಕನೆಯವರ ಹೆಸರೆತ್ತಿದರೆ ಈಗಲೂ ಬಿ.ಪಿ. ಏರುತ್ತದೆ, ಬಿಡಿ. ನನ್ನ ಗಂಡ ಶ್ರೀಪತಿಗೆ ಇದೆಲ್ಲ ತಮಾಷೆ. “ವಿನು, ಬ್ಯಾಂಡ್ ಸೇರೋ ದಿನಾನೇ ರಾಜೀನಾಮೆನೂ ಬರೆದು ಜೇಬಲ್ಲಿ ಇಟ್ಕೊಂಡ್ಬಿಡೇ” ಎಂದು ರೇಗಿಸುತ್ತಾರೆ.

ನನ್ನ ಹೆಸರು ವಿನೋದಾ. ಊರು ಮೈಸೂರು, ಮನೆ ಮಲೇಷ್ಯಾದ ಪುಚೊಂಗ್‌ನ ಒಂದು ಕಾಂಡೋದ ಹದಿನಾಲ್ಕನೇ ಮಹಡಿ. ವಾರಕ್ಕೆ ಐದು ದಿನ ತಮಿಳರ ಮಕ್ಕಳಿಗೆ ಸರಳೆವರಸೆ, ಜಂಟಿವರಸೆ ಹೇಳಿಕೊಡುತ್ತೇನೆ. ಭಾನುವಾರ ಮಾತ್ರ ನಾನು ಬೇರೆಯವಳು. ಭಾನುವಾರ ನಾನು ಬ್ಲೂಗ್ರಾಸ್ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತೇನೆ.

ಬ್ಲೂಗ್ರಾಸ್ ಎಂದರೆ ಹುಲ್ಲಲ್ಲ. ಅಮೆರಿಕದ ಗುಡ್ಡಗಾಡಿನ ಜನರ ಸಂಗೀತ. ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್, ಪಿಟೀಲು, ಆಳೆತ್ತರದ ಒಂದು ಬಾಸ್. ಡ್ರಮ್ಮು ಗಿಮ್ಮು ಏನೂ ಇಲ್ಲ. ಎಲ್ಲರೂ ಒಂದೇ ಮೈಕಿನ ಸುತ್ತ ಒತ್ತೊತ್ತಾಗಿ ನಿಲ್ಲಬೇಕು. ಒಂದು ಚರಣ ಮುಗಿದ ಕೂಡಲೇ ಹಾಡುವವನು ಹಿಂದೆ ಸರಿಯುತ್ತಾನೆ, ಯಾರ ಸರದಿಯೋ ಅವರು ಮೈಕಿನ ಮುಂದೆ ಬಂದು ಒಂಟಿಯಾಗಿ ನುಡಿಸುತ್ತಾರೆ. ಅದಕ್ಕೆ ಬ್ರೇಕ್ ಅನ್ನುತ್ತಾರೆ. ಹದಿನೆಂಟು ಸೆಕೆಂಡಿಗಿಂತ ಹೆಚ್ಚಿರುವುದಿಲ್ಲ. ಆ ಹದಿನೆಂಟು ಸೆಕೆಂಡು ಉಳಿದವರೆಲ್ಲ ನಿಮ್ಮ ಚಾಕರಿಗೆ ನಿಂತಿರುತ್ತಾರೆ.

ಮಲೇಷ್ಯಾಕ್ಕೆ ಬಂದ ಹೊಸದರಲ್ಲಿ, ಬಾಂಗ್ಸಾರ್‌ನ ಒಂದು ಕೆಫೆಯಲ್ಲಿ, ನಾನು ಇದನ್ನು ಮೊದಲ ಸಲ ನೋಡಿದೆ. ಹಾಡುವವನು ಪಕ್ಕಕ್ಕೆ ಸರಿದು ಪಿಟೀಲಿನವನಿಗೆ ಜಾಗ ಬಿಟ್ಟ. ಅಯ್ಯೋ ದೇವರೇ, ಹಾಡುವವನು ಜಾಗ ಬಿಡುವುದು ಎಂದರೇನು! ನನ್ನ ಕೈಲಿದ್ದ ಕಾಫಿ ಆರಿ ತಣ್ಣಗಾಯಿತು. ಮನೆಗೆ ಬಂದವಳೇ ಕಪಾಟಿನ ಮೇಲಿಂದ ಪಿಟೀಲು ಇಳಿಸಿದೆ.

ನಾನು ಹಾಗೇಕೆ ಬೆಚ್ಚಿದೆ ಎಂದು ಹೇಳಬೇಕಾದರೆ ಅಕ್ಕನ ವಿಷಯ ಹೇಳಬೇಕು.

ಅಕ್ಕ ಎಂದರೆ ಚಾಮುಂಡಿ. ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಮೈಸೂರು ಕಡೆ ಒಳ್ಳೆಯ ಹೆಸರು ಮಾಡಿದ ಗಾಯಕಿ. ನನ್ನ ಹದಿನೇಳನೇ ವಯಸ್ಸಿನಿಂದ ಹದಿನೈದು ವರ್ಷ ನಾನೇ ಅವಳ ಪಕ್ಕವಾದ್ಯ. ಪಕ್ಕವಾದ್ಯದವರಿಗೆ ಒಂದು ಧರ್ಮ ಇದೆ. ಹಾಡುವವರು ಹೋದ ದಾರಿಯಲ್ಲೇ ಒಂದು ಕೂದಲೆಳೆ ಹಿಂದೆ ಹೋಗಬೇಕು. ಅವರು ಎಡವಿದರೆ ಎಡವಿದ್ದು ಸಭೆಗೆ ಕೇಳಿಸದ ಹಾಗೆ ನುಡಿಸಬೇಕು. ವೇದಿಕೆಯ ಮೇಲೆ ನಡೆದದ್ದನ್ನು ಕೆಳಗೆ ಇಳಿದು ಆಡಬಾರದು. ನಮ್ಮ ಮೇಷ್ಟ್ರು ಪಿಟೀಲು ಕೈಗೆ ಕೊಡುವ ಮುಂಚೆ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ್ದು ಇದನ್ನೇ.

ಹನ್ನೆರಡು ವರ್ಷದ ಹಿಂದೆ ಒಂದು ರಾಮನವಮಿ ಕಚೇರಿಯಲ್ಲಿ, ಮುಖ್ಯ ಕೀರ್ತನೆಯ ಚರಣಕ್ಕೆ ಬಂದಾಗ, ನನ್ನ ಪಿಟೀಲು ಅಕ್ಕನ ದನಿಯ ಮೇಲೆ ಏರಿತು. ಮರುದಿನ ಪೇಪರಿನಲ್ಲಿ ‘ಪಿಟೀಲಿನ ಅತ್ಯುತ್ಸಾಹ ಗಾಯನಕ್ಕೆ ಅಡ್ಡಿಯಾಯಿತು’ ಎಂದು ಬಂತು. ಮನೆಯಲ್ಲಿ ಅಮ್ಮ ಕೇಳಿದಾಗ ಅಕ್ಕ, “ಅವಳಿಗೆ ಈಚೆಗೆ ತಾನೇ ಮುಂದೆ ಬರ್ಬೇಕು ಅನ್ನೋ ಆಸೆ ಕಣಮ್ಮ” ಎಂದುಬಿಟ್ಟಳು. ಮುಂದಿನ ಕಚೇರಿಗೆ ಬೇರೆ ಯಾರೋ ಬಂದು ನನ್ನ ಜಾಗದಲ್ಲಿ ಕೂತರು. ಆರು ತಿಂಗಳಿಗೆ ಶ್ರೀಪತಿಯ ಕಂಪನಿ ಅವರನ್ನು ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾಕ್ಕೆ ಕಳಿಸಿತು, ನಾನು ಹಿಂದೆ ತಿರುಗಿ ನೋಡದೆ ವಿಮಾನ ಹತ್ತಿದೆ. ಆ ಚರಣದಲ್ಲಿ ನಿಜವಾಗಿ ಏನಾಯಿತು ಎಂದು ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಆ ಅಕ್ಕ ಹತ್ತು ದಿನದ ಮಟ್ಟಿಗೆ ಕ್ವಾಲಾಲಂಪುರಕ್ಕೆ ಬರುವವಳಿದ್ದಳು. ಶುಕ್ರವಾರ ಒಂದು ದೇವಸ್ಥಾನದ ಹಾಲಿನಲ್ಲಿ ಅವಳ ಕಚೇರಿ. ಪಕ್ಕವಾದ್ಯಕ್ಕೆ ಮೈಸೂರಿನಿಂದಲೇ ಒಬ್ಬರನ್ನು ಕರೆತರುತ್ತಿದ್ದಳು; ‘ನೀನು ನುಡಿಸ್ತೀಯಾ’ ಎಂದು ಬಾಯಿ ಮಾತಿಗೂ ಕೇಳಲಿಲ್ಲ. ಅದೇ ವಾರದ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಬ್ಯಾಂಡಿನ ಕಾರ್ಯಕ್ರಮ, ಪೆಟಾಲಿಂಗ್ ಜಯಾದಲ್ಲಿ. ನಾನು ಫೋನಿನಲ್ಲಿ ಹೇಳಿದೆ: “ಅಕ್ಕ, ಭಾನುವಾರ ನಂದೂ ಇದೆ. ಬರ್ಲೇಬೇಕು.”

“ಬರ್ತೀನಿ ಕಣೇ. ಅದೇನೋ ಕೌಬಾಯ್ ಸಂಗೀತ ಅಂತಾರಲ್ಲ ಶ್ರೀಪತಿ?”

ಕೌಬಾಯ್ ಅಂತೆ! ನನಗೆ ಬೇಕಿದ್ದದ್ದು ಒಂದೇ. ಅಕ್ಕ ಮುಂದಿನ ಸಾಲಿನಲ್ಲಿ ಕೂತಿರಬೇಕು, ಹಾಡುವವನು ಪಕ್ಕಕ್ಕೆ ಸರಿಯಬೇಕು, ನಾನೊಬ್ಬಳೇ ಮೈಕಿನ ಮುಂದೆ ನಿಂತು ನುಡಿಸುವುದನ್ನು ಅವಳು ಕಣ್ಣಾರೆ ನೋಡಬೇಕು. ಹದಿನೆಂಟು ಸೆಕೆಂಡು ಸಾಕು.

ಆ ದಿನದಿಂದ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಕುಕ್ಕರಿನ ಸೀಟಿ ಎಣಿಸುವುದು ಬಿಟ್ಟು ಬಾರ್ ಎಣಿಸುತ್ತಿದ್ದೆ; ಬಾರ್ ಎಂದರೆ ನಮ್ಮ ತಾಳದ ಆವರ್ತದ ಹಾಗೆ, ನನ್ನ ಬ್ರೇಕಿಗೆ ಹದಿನಾರು. ಅನ್ನ ಎರಡು ಸಲ ಮುದ್ದೆಯಾಯಿತು. ಲಿಫ್ಟಿನಲ್ಲಿ, ಕಾರ್ ಪಾರ್ಕಿನಲ್ಲಿ, ತರಕಾರಿ ಅಂಗಡಿಯ ಸಾಲಿನಲ್ಲಿ ಬೆರಳು ತಾನಾಗಿ ಓಡುತ್ತಿತ್ತು. ಮಗಳು ಧೃತಿ ಹದಿನಾರರವಳು. ಕನ್ನಡ ಅರ್ಥವಾದರೂ ಉತ್ತರ ಇಲ್ಲಿನವರ ಇಂಗ್ಲಿಷಿನಲ್ಲೇ, ಮಾತಿನ ಕೊನೆಗೊಂದು ‘ಲಾ’ ಸೇರಿಸಿ. “ಅಮ್ಮಾ, ಪ್ಲೀಸ್ ಸಿಟ್ ಡೌನ್ ಲಾ” ಎಂದು ಅವಳೇ ಗದರಿದಳು. ಕೂರುವುದೆಲ್ಲಿ ಬಂತು? ಹದಿನೈದು ವರ್ಷ ಜಮಖಾನದ ಮೇಲೆ ಕೂತೇ ನುಡಿಸಿ ಸಾಕಾಗಿತ್ತು.

ನಮ್ಮದು ‘ಟಿನ್ ಮೈನ್ ಸ್ಟ್ರಿಂಗ್ ಬ್ಯಾಂಡ್’, ನನ್ನ ಐದನೆಯದು. ಇದರಲ್ಲಿ ಏಳು ವರ್ಷ ನಿಂತಿದ್ದೇನೆ ಎಂದರೆ ನನಗೇ ಆಶ್ಚರ್ಯ. ಬ್ಯಾಂಜೊ ನುಡಿಸುವ ಬೂನ್ ಕಿಯಾಟ್ ಇದರ ಯಜಮಾನ. ಪುಚೊಂಗ್‌ನಲ್ಲಿ ಅವನದು ಏಸಿ ರಿಪೇರಿ ಅಂಗಡಿ; ಭಾನುವಾರ ಬೆಳಿಗ್ಗೆ ಶಟರ್ ಅರ್ಧ ಇಳಿಸಿ ಅಲ್ಲೇ ನಮ್ಮ ಪ್ರಾಕ್ಟೀಸು. ಅಂಗಡಿ ತುಂಬ ಏಸಿ, ಒಂದೂ ಓಡುವುದಿಲ್ಲ. ಸೆಕೆಗೆ ಪಿಟೀಲಿನ ಬಿರಟೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ನಾವು ಆಡುವುದು ಈ ದೇಶದ ಇಂಗ್ಲಿಷು. ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತೇನೆ, ‘ಲಾ’ಗಳನ್ನು ಮಾತ್ರ ಹಾಗೇ ಬಿಡುತ್ತೇನೆ.

ಮೊದಲ ವರ್ಷ ಬೂನ್ ಕಿಯಾಟ್ ನನ್ನ ಜೀವ ತಿಂದ. ಹುಟ್ಟು ಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಯಾರಾದರೂ ಹಾಡಲು ಬಾಯಿ ತೆರೆದರೆ ಸಾಕು, ನನ್ನ ಕಮಾನು ನೆರಳಿನ ಹಾಗೆ ಅವರ ಹಿಂದೆ ಹೊರಡುತ್ತಿತ್ತು. ನಮ್ಮಲ್ಲಿ ಅದು ವಿದ್ಯೆ, ಇಲ್ಲಿ ಅದು ಅಪರಾಧ. ಬ್ಲೂಗ್ರಾಸ್‌ನಲ್ಲಿ ಪಿಟೀಲು ಸಾಲು ಮುಗಿದ ಮೇಲೆ ಖಾಲಿ ಜಾಗದಲ್ಲಿ ಮಾತ್ರ ಮಾತಾಡಬೇಕು. “ಅವನ ಬಾಯಿ ತೆರೆದಿದ್ರೆ ನಿನ್ನ ಕಮಾನು ಮುಚ್ಚಿರ್ಬೇಕು, ಲಾ!” ಎಂದು ಬೂನ್ ಕಿಯಾಟ್ ಕಿರುಚುತ್ತಿದ್ದ. ಆಮೇಲೆ ಕಿರುಚಿ ಸಾಕಾಗಿ, ಹುರಿದ ಕಡಲೆಕಾಯಿ ಬೀಜದ ಪೊಟ್ಟಣ ಪಕ್ಕದಲ್ಲಿಟ್ಟುಕೊಂಡು, ನಾನು ತಪ್ಪಿದಾಗಲೆಲ್ಲ ಒಂದೊಂದು ಬೀಜ ನನ್ನ ಮೇಲೆ ಎಸೆಯತೊಡಗಿದ. ಮೈಸೂರಿನಲ್ಲಿ ನನಗೆ ಶಾಲು ಹೊದಿಸಿದ್ದಾರೆ ಸ್ವಾಮಿ, ಇಲ್ಲಿ ಕಡಲೆಬೀಜದಲ್ಲಿ ಹೊಡೆಸಿಕೊಂಡೆ. ಆದರೂ ಬಿಡಲಿಲ್ಲ. ಯಾಕೆಂದರೆ ಪ್ರತಿ ಹಾಡಿನಲ್ಲೂ ಅವನು ನನಗೆ ಒಂದು ಬ್ರೇಕ್ ಕೊಟ್ಟಿದ್ದ. ಎರಡು ವರ್ಷಕ್ಕೆ ಬೀಜ ಬೀಳುವುದು ನಿಂತಿತು.

ಹಾಡುವವರು ಅಂಕಲ್ ಸಿಗಾಯ್. ಸರವಾಕ್‌ನ ಇಬಾನ್ ಬುಡಕಟ್ಟಿನವರು, ಅರುವತ್ತೇಳು ವರ್ಷ. ಹುಡುಗರಾಗಿದ್ದಾಗ ಅಲ್ಲಿನ ಮಿರಿಯ ಎಣ್ಣೆ ಬಾವಿಯಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿ ಯಾವನೋ ಅಮೆರಿಕದವನು ಊರಿಗೆ ಹೋಗುವಾಗ ಬಿಟ್ಟುಹೋದ ಕ್ಯಾಸೆಟ್ ಕೇಳಿ ಕೇಳಿ ಹಾಡು ಕಲಿತರು. ಗಿಟಾರ್ ಹಿಡಿದು ಕಣ್ಣು ಮುಚ್ಚಿ ದನಿ ಎತ್ತಿದರೆ ಏಸಿ ಅಂಗಡಿಯ ತಗಡು ಅದುರುತ್ತದೆ. ಅವರೇ ಇಂಗ್ಲಿಷಿನಲ್ಲಿ ಕಟ್ಟಿದ ಒಂದು ಹಾಡು ಇದೆ, ಮರುಡಿ ಎಂಬ ಊರಿಗೆ ಹೋಗುವ ಬೋಟಿನ ಬಗ್ಗೆ. ಅಮ್ಮ ದೀಪ ಹಿಡಿದು ನದಿಯ ದಂಡೆಗೆ ಬಂದು ನಿಲ್ಲುವುದು ಅದರ ಮೂರನೇ ಚರಣ. ನನ್ನ ದೊಡ್ಡ ಬ್ರೇಕ್ ಇರುವುದು ಆ ಮೂರನೇ ಚರಣಕ್ಕೆ ಮುಂಚೆ. ಎಲ್ಲ ಹಾಡುಗಳನ್ನೂ ನಾನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡಿದ್ದೇನೆ. ಬೂನ್ ಕಿಯಾಟ್ ನಗುತ್ತಾನೆ: “ನೀನು ಹಾಡ್ತೀಯಾ ಏನು, ಲಾ? ಪಿಟೀಲಿಗೆ ಮಾತು ಯಾಕೆ?” ಸಾಹಿತ್ಯ ಗೊತ್ತಿಲ್ಲದೆ ಪಕ್ಕದಲ್ಲಿ ಕೂರಬಾರದು ಎಂದು ನಮ್ಮ ಮೇಷ್ಟ್ರು ಕಲಿಸಿದ್ದು ಅವನಿಗೇನು ಗೊತ್ತು.

ಮೂರು ತಿಂಗಳ ಹಿಂದೆ ಕ್ಲಾಂಗ್‌ನ ಒಂದು ಮದುವೆಯಲ್ಲಿ ಅಂಕಲ್ ಒಂದು ಇಡೀ ಚರಣ ಮರೆತರು. ಸುಮ್ಮನೆ ನಿಂತುಬಿಟ್ಟರು. ಜನ ನಕ್ಕರು. ಅದರ ಮುಂದಿನ ಭಾನುವಾರ ಅಂಕಲ್ ನಮಗೆಲ್ಲ ತಪಾವ್, ಅಂದರೆ ಕಟ್ಟಿಸಿದ ತಿಂಡಿ, ತರಲು ಪಕ್ಕದ ಮಾಮಕ್ ಹೋಟೆಲಿಗೆ ಹೋಗಿದ್ದಾಗ ಬೂನ್ ಕಿಯಾಟ್ ಬ್ಯಾಂಜೊ ಕೆಳಗಿಟ್ಟ.

“ಇನ್ನೊಂದ್ಸಲ ಸ್ಟೇಜ್ ಮೇಲೆ ಹಿಂಗಾದ್ರೆ ಬೇರೆ ಸಿಂಗರ್ ನೋಡ್ತೀನಿ. ನಂಗೂ ಬೇಜಾರೇ. ಆದ್ರೆ ಜನ ನಗೋ ಹಂಗೆ ಅವರನ್ನ ನಿಲ್ಲಿಸೋಕಾಗಲ್ಲ, ಲಾ.”

“ಅವರನ್ನ ತೆಗೆದ್ರೆ ನಾನೂ ಹೋಗ್ತೀನಿ” ಎಂದೆ. ಮೂಗಿನ ತುದಿಯಲ್ಲೇ ಕೋಪ ನನಗೆ.

“ನೀನು ಹೆಂಗಿದ್ರೂ ಹೋಗೋಳೇ” ಎಂದ.

ಅಂಕಲ್ ಆರು ಪೊಟ್ಟಣ ಮೀ ಗೋರೆಂಗ್ ನೂಡಲ್ಸ್ ಹಿಡಿದುಕೊಂಡು ಬಂದರು. ನಾವು ಐದೇ ಜನ.

ಶುಕ್ರವಾರ ಅಕ್ಕನ ಕಚೇರಿ ಚೆನ್ನಾಗಿಯೇ ಆಯಿತು. ನಾನು ಮೂರನೇ ಸಾಲಿನಲ್ಲಿ ಕೂತು ಕೇಳಿದೆ. ಪಕ್ಕವಾದ್ಯದವರು ಅಚ್ಚುಕಟ್ಟಾಗಿ ನುಡಿಸಿದರು, ಆದರೆ ಅಕ್ಕ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ಅವರಿಗೆ ತಿಳಿದಿರಲಿಲ್ಲ. ನನ್ನ ಬೆರಳು ಸೀರೆಯ ಸೆರಗಿನ ಮೇಲೆ ಓಡುತ್ತಿದ್ದುದನ್ನು ಶ್ರೀಪತಿ ನೋಡಿ ನನ್ನ ಕೈ ಹಿಡಿದುಕೊಂಡರು. ನನಗೆ ಹೊಟ್ಟೆಯುರಿ ಆಯಿತು. ಸುಳ್ಳು ಯಾಕೆ ಹೇಳಲಿ?

ಭಾನುವಾರ ಪೆಟಾಲಿಂಗ್ ಜಯಾದ ಒಂದು ಹಳೆಯ ಕಾರ್ಖಾನೆಯ ಶೆಡ್. ಈಗ ಅಲ್ಲಿ ಕಾಫಿ, ಕೇಕು, ವಾರಕ್ಕೊಂದು ಸಂಗೀತ. ಶ್ರೀಪತಿ ಧೃತಿಯನ್ನು ಟ್ಯೂಷನ್‌ಗೆ ಬಿಡಬೇಕಿತ್ತು, ಹಾಗಾಗಿ ಅಕ್ಕನನ್ನು ನಾನೇ ಕಾರಿನಲ್ಲಿ ಕರೆದೊಯ್ದೆ. ಅವಳು ರೇಷ್ಮೆ ಸೀರೆ ಉಟ್ಟು, ದೊಡ್ಡ ಕುಂಕುಮ ಇಟ್ಟು, ಪ್ಲಾಸ್ಟಿಕ್ ಕುರ್ಚಿಗಳ ಮುಂದಿನ ಸಾಲಿನಲ್ಲಿ ಹೋಗಿ ಕೂತಳು. ಸುಮಾರು ನೂರೈವತ್ತು ಜನ ಇದ್ದರು.

“ಏನೇ ಇದು, ಪ್ಯಾಂಟ್ ಹಾಕ್ಕೊಂಡು ನಿಂತ್ಕೊಂಡು ನುಡಿಸ್ತೀಯಾ?”

“ಹೂಂ ಕಣೇ. ಕೊನೇ ಹಾಡು ನೋಡು. ಅದ್ರಲ್ಲಿ ಅವರೆಲ್ಲ ಹಿಂದೆ ಹೋಗ್ತಾರೆ, ನಾನೊಬ್ಳೇ ಮುಂದೆ ಬರ್ತೀನಿ, ಹದಿನೆಂಟು ಸೆಕೆಂಡು. ಫೋನ್ ರೆಡಿ ಇಟ್ಕೋ.”

“ಆಗ್ಲಿ ಮಹರಾಯ್ತಿ” ಎಂದು ಅಕ್ಕ ನಕ್ಕಳು. ಆ ನಗುವಿಗೆ ನನಗೆ ಇನ್ನಷ್ಟು ಹಟ ಬಂತು.

ಮೊದಲ ಐದು ಹಾಡು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋದವು. ಅಂಕಲ್ ಒಂದಕ್ಷರ ತಪ್ಪಲಿಲ್ಲ. ಕೊನೆಗೆ ಮರುಡಿ ಬೋಟಿನ ಹಾಡು ಬಂತು. ಒಂದನೇ ಚರಣ, ಎರಡನೇ ಚರಣ, ಪಲ್ಲವಿ. ಅಂಕಲ್ ನನಗೆ ತಲೆಯಾಡಿಸಿ ಹಿಂದೆ ಸರಿದರು. ನಾನು ಎರಡು ಹೆಜ್ಜೆ ಮುಂದೆ ಇಟ್ಟು ಮೈಕಿನ ಮುಂದೆ ನಿಂತೆ. ಅಕ್ಕ ಫೋನ್ ಎತ್ತಿ ಹಿಡಿದಳು.

ಕಮಾನು ತಂತಿಗೆ ತಾಕಿದ ಕ್ಷಣವೇ ಗೊತ್ತಾಯಿತು, ಇದು ಇವತ್ತು ಆಗುತ್ತದೆ ಎಂದು. ಒಂದನೇ ಬಾರು, ಎರಡು, ಮೂರು. ಯಾರೋ ಸೀಟಿ ಹೊಡೆದರು. ಅಕ್ಕನ ಹುಬ್ಬು ಮೇಲೇರಿತ್ತು. ಅದು ಅವಳು ನಿಜವಾಗಿ ಕೇಳುವಾಗ ಮಾತ್ರ ಏರುತ್ತದೆ, ಮೂವತ್ತು ವರ್ಷದಿಂದ ಕಂಡಿದ್ದೇನೆ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಜೋರಾಗಿ ನಗಬೇಕು ಅನ್ನಿಸಿತು.

ನಾಲ್ಕನೇ ಬಾರಿನಲ್ಲಿ ನಾನು ತಿರುಗಿ ನೋಡಿದೆ. ನೋಡಬಾರದಿತ್ತು. ಹದಿನೈದು ವರ್ಷ ಹಾಡುವವರ ಮುಖ ನೋಡಿಕೊಂಡೇ ನುಡಿಸಿದವಳು, ಕತ್ತು ತಾನಾಗಿ ತಿರುಗುತ್ತದೆ.

ಅಂಕಲ್‌ನ ತುಟಿ ಅಲ್ಲಾಡುತ್ತಿತ್ತು. ಹುಡುಕುತ್ತಿದ್ದರು. ಕಣ್ಣು ಖಾಲಿ. ಆ ಖಾಲಿ ಕಣ್ಣು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು, ಒಂದು ಸಲ ಬಹಳ ಹತ್ತಿರದಿಂದ ನೋಡಿದ್ದೇನೆ. ಅವರ ಕೈ ಗಿಟಾರಿನ ಪಟ್ಟಿಗೆ ಹೋಯಿತು. ಪಟ್ಟಿಯನ್ನು ಹೆಗಲಿನಿಂದ ಇಳಿಸತೊಡಗಿದರು. ವೇದಿಕೆಯ ಹಿಂದಿನ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟೂ ಆಗಿತ್ತು.

ಬೇಡ ಅಂಕಲ್, ಈಗ ಬೇಡ, ನನ್ನದು ಮುಗಿಯಲಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಹೌದು, ಮೊದಲು ಹೊಳೆದದ್ದು ನನ್ನ ಸ್ವಾರ್ಥವೇ. ಇನ್ನು ಹನ್ನೆರಡು ಬಾರು ಇತ್ತು. ನಾನು ಪೂರ್ತಿ ನುಡಿಸಿದರೆ ಅಕ್ಕ ನೋಡುತ್ತಾಳೆ. ಆಮೇಲೆ ಮೈಕಿನ ಮುಂದೆ ಯಾರೂ ಬರುವುದಿಲ್ಲ, ಜನ ನಗುತ್ತಾರೆ, ಬೂನ್ ಕಿಯಾಟ್ ಬೇರೆ ಸಿಂಗರ್ ನೋಡುತ್ತಾನೆ.

ಐದನೇ ಬಾರಿನ ಮಧ್ಯದಲ್ಲಿ ನಾನು ಮೈಕ್ ಬಿಟ್ಟೆ.

ಬಿಟ್ಟವಳು ನೆಟ್ಟಗೆ ಅಂಕಲ್ ಹತ್ತಿರ ಹೋದೆ. ಹಿಂದೆ ಬೂನ್ ಕಿಯಾಟ್ ಬೆಚ್ಚಿ, ಉಳಿದ ಹನ್ನೊಂದು ಬಾರನ್ನು ಬ್ಯಾಂಜೊದಲ್ಲಿ ಹೇಗೋ ತುಂಬಿಸತೊಡಗಿದ. ನಾನು ಅಂಕಲ್‌ಗೆ ಅಡ್ಡ ನಿಂತು, ಭುಜದಲ್ಲೇ ಅವರನ್ನು ಮೈಕಿನ ಕಡೆ ತಳ್ಳುತ್ತಾ ಬಂದೆ. ಅವರ ಕಿವಿಗೆ ಬಾಯಿ ತಂದು “ಲ್ಯಾಂಪ್” ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು. ದೀಪದ ಸಾಲು ಬಂತು.

ಆ ಸಾಲಿನ ಕೆಳಗೆ ನಾನು ಒಂದು ಉದ್ದದ ಸ್ವರ ಹಿಡಿದೆ, ಜೋರಾಗಿ, ನನ್ನ ಪಿಸುಮಾತು ಮೈಕಿಗೆ ಬೀಳದ ಹಾಗೆ. ಸ್ವರದ ಮರೆಯಲ್ಲಿ “ಮದರ್” ಎಂದೆ. ಅಮ್ಮನ ಸಾಲು ಬಂತು. “ಬೋಟ್” ಎಂದೆ. ಬೋಟಿನ ಸಾಲು ಬಂತು. ಅವರ ಬಾಯಿ ತೆರೆದೇ ಇತ್ತು, ನನ್ನ ಕಮಾನು ಓಡುತ್ತಲೇ ಇತ್ತು. ಏಳು ವರ್ಷ ಯಾವುದನ್ನು ಬಿಡಬೇಕು ಎಂದು ಕಲಿತಿದ್ದೆನೋ ಅದನ್ನೇ ನೂರೈವತ್ತು ಜನರ ಮುಂದೆ ಮಾಡಿದೆ. ನಾಲ್ಕನೇ ಸಾಲಿಗೆ ನಾನು ಹೇಳುವ ಮುಂಚೆಯೇ ಅಂಕಲ್ “ಮಾರ್ನಿಂಗ್” ಹಿಡಿದಿದ್ದರು. ಪಲ್ಲವಿಗೆ ಬರುವಾಗ ದನಿ ಶೆಡ್ಡಿನ ತಗಡಿಗೆ ಮುಟ್ಟಿತು. ಕೊನೆಯ ಸುತ್ತು ಎಂದು ಉಳಿದವರಿಗೆ ತಿಳಿಸಲು ಹಾಡುವವರು ಒಂದು ಕಾಲು ಎತ್ತಬೇಕು, ಅದು ಇಲ್ಲಿನ ಪದ್ಧತಿ. ಅಂಕಲ್ ತಮ್ಮ ಬಲಗಾಲನ್ನು ಮೊಣಕಾಲಿನ ತನಕ ಎತ್ತಿದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಅಂಕಲ್‌ಗೆ.

ವೇದಿಕೆಯ ಹಿಂದೆ ಬೂನ್ ಕಿಯಾಟ್ ಮುಖ ಕೆಂಪಾಗಿತ್ತು. ಜೇಬಿನಿಂದ ಕಡಲೆಬೀಜದ ಪೊಟ್ಟಣ ತೆಗೆದು, ಇಡೀ ಪೊಟ್ಟಣವನ್ನೇ ನನ್ನ ಕಡೆ ಎಸೆದ.

“ಏಳು ವರ್ಷ, ಲಾ! ಅಷ್ಟೂ ಬೀಜ ದಂಡ! ಬ್ರೇಕ್ ಅರ್ಧಕ್ಕೆ ಬಿಟ್ಟು ಓಡಿಬಂದೆ, ಆಮೇಲೆ ಅವರ ಹಾಡಿನ ಮೇಲೆಲ್ಲ ತುಳಿದಾಡಿದೆ. ಏನಾಯ್ತು ನಿಂಗೆ? ಅಕ್ಕನ್ನ ನೋಡಿ ಹೆದರಿದ್ಯಾ?”

ಅಂಕಲ್ ಗಿಟಾರನ್ನು ಪೆಟ್ಟಿಗೆಯಲ್ಲಿಡುತ್ತಿದ್ದವರು ತಲೆಯೆತ್ತಿದರು. “ಬೂನ್, ಅದು ಅವಳದ್ದಲ್ಲ, ನಾನು...” ಎಂದು ಶುರುಮಾಡಿದರು.

“ಅಂಕಲ್, ನಿಮ್ಮ ಟೀ ಆರಿಹೋಗ್ತಿದೆ” ಎಂದೆ, ಜೋರಾಗಿ. ಆಮೇಲೆ ಬೂನ್ ಕಿಯಾಟ್ ಕಡೆ ತಿರುಗಿ, “ಹೌದು, ಹೆದರಿದೆ. ಏನೀಗ?” ಎಂದೆ.

ಅಂಕಲ್ ನನ್ನನ್ನು ನೋಡಿದರು. ಟೀ ಲೋಟ ಎತ್ತಿಕೊಂಡರು. ಹೊರಡುವಾಗ ಬಾಗಿಲ ಹತ್ತಿರ ಬಂದು, “ಭಾನುವಾರ ಅರ್ಧ ಗಂಟೆ ಮುಂಚೆ ಬಾ, ವಿನೋ. ನಿನ್ನ ಪುಸ್ತಕನೂ ತಾ. ನಂಗೆ ಆ ಅಕ್ಷರ ಓದೋಕೆ ಬರಲ್ಲ, ನೀನೇ ಓದು, ಲಾ” ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ಕಾರಿನಲ್ಲಿ ಅಕ್ಕ ಬೆಲ್ಟ್ ಹಾಕಿಕೊಂಡು ಕೂತಳು. ಪುಚೊಂಗ್ ಕಡೆಯ ಹೈವೇ ಎಂದಿನಂತೆ ಕಟ್ಟಿಕೊಂಡಿತ್ತು. ನಾನು ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದೆ. ಹನ್ನೆರಡು ವರ್ಷ ಕಾದು ಸಿಕ್ಕಿದ್ದನ್ನು ನಾನೇ ಕೈಯಾರೆ ಚೆಲ್ಲಿ ಬಂದಿದ್ದೆ. ಅಕ್ಕನ ಕಣ್ಣಿಗೆ ನಾನು ಮತ್ತೆ ಅದೇ ಪಕ್ಕವಾದ್ಯ, ಅದೂ ತಪ್ಪು ನುಡಿಸುವ ಪಕ್ಕವಾದ್ಯ.

“ಆ ಯಜಮಾನ್ರು ಮೂರನೇ ಚರಣ ಮರೆತ್ರು, ಅಲ್ವೇನೇ?” ಎಂದಳು ಅಕ್ಕ.

“ಇಲ್ಲ.”

“ಸುಳ್ಳು ಹೇಳ್ಬೇಡ. ಮುಂದೇನೇ ಕೂತಿದ್ದೆ ನಾನು.”

“ಇಲ್ಲ ಅಂದ್ನಲ್ಲ! ನಂಗೇ ಭಯ ಆಯ್ತು. ಬ್ರೇಕ್ ಮರೆತುಹೋಯ್ತು. ಅವ್ರು ಚೆನ್ನಾಗೇ ಹಾಡಿದ್ರು, ನಾನೇ ಮೇಲೆ ಹತ್ತಿದೆ.”

ಅಕ್ಕ ಕಿಟಕಿಯ ಕಡೆ ನೋಡಿದಳು. ಮುಂದಿನ ಲಾರಿ ಒಂದಿಷ್ಟು ಸರಿಯಿತು, ನಾವೂ ಸರಿದೆವು.

“ನಂದನ್ನೂ ಹಿಂಗೇ ಹೇಳ್ಕೊಂಡು ಬಂದಿದೀಯಾ? ಹನ್ನೆರಡು ವರ್ಷದಿಂದ?”

ನಾನು ಮುಂದಿನ ಲಾರಿಯ ನಂಬರ್ ಪ್ಲೇಟನ್ನೇ ನೋಡಿದೆ.

“ಅಮ್ಮಂಗೂ ಹೇಳಿಲ್ವಾ? ಶ್ರೀಪತಿಗೂ?”

“ಏನನ್ನ ಹೇಳೋದು?” ಎಂದೆ.

“ಚರಣ ಮರೆತೋಳು ನಾನು ಕಣೇ, ವಿನು.” ಅಕ್ಕನ ದನಿ ಒಡೆಯಿತು. “ಒಂದಕ್ಷರ ನೆನಪಾಗ್ಲಿಲ್ಲ. ನೀನು ಪಿಟೀಲು ಜೋರು ಮಾಡ್ಕೊಂಡು ಪಕ್ಕದಿಂದ ಒಂದೊಂದೇ ಸಾಲು ಹೇಳ್ಕೊಟ್ಟೆ. ಮರುದಿನ ಪೇಪರಲ್ಲಿ ನಿನ್ನ ಬೈದಾಗ ಸುಮ್ನಿದ್ದೆ. ಸುಮ್ನಿದ್ದಿದ್ದು ಸಾಲ್ದು ಅಂತ ನಾನೂ ಒಂದು ಮಾತು ಸೇರಿಸಿದೆ. ಮುಂದಿನ ಕಚೇರಿಲಿ ನಿನ್ನ ಮುಖ ನೋಡೋಕೆ ನಾಚ್ಕೆ ಆಗುತ್ತೆ ಅಂತ ಬೇರೆಯವರನ್ನ ಕರೆದೆ. ಇವತ್ತು ನೀನು ಆ ಮನುಷ್ಯರ ಕಿವಿ ಹತ್ರ ಹೋದ್ಯಲ್ಲ, ಫೋನ್ ಹಿಡಿದಿದ್ದ ನನ್ನ ಕೈ ಹಂಗೇ ಬಿದ್ದುಹೋಯ್ತು.”

ಈ ಮಾತು ಕೇಳಬೇಕು ಎಂದು ಎಷ್ಟು ವರ್ಷ ಕಾದಿದ್ದೆ! ಸ್ನಾನದ ಮನೆಯಲ್ಲಿ, ಬಟ್ಟೆ ಮಡಿಸುವಾಗ, ನೂರು ಉತ್ತರ ತಯಾರು ಮಾಡಿ ಇಟ್ಟುಕೊಂಡಿದ್ದೆ. ಈಗ ಬರೀ ಕೋಪ ಬಂತು. ಹನ್ನೆರಡು ವರ್ಷ, ನಾಲ್ಕು ಬ್ಯಾಂಡ್, ಒಂದು ದೇಶ ಬಿಟ್ಟುಬಂದೆನಲ್ಲ ಇವಳಿಂದ ಎಂದು ಮೈಯೆಲ್ಲ ಉರಿಯಿತು. ಸುಮ್ಮಸುಮ್ಮನೆ ಹಾರ್ನ್ ಒತ್ತಿದೆ. ಮುಂದಿನ ಲಾರಿಯವನು ಕಿಟಕಿಯಿಂದ ಕೈ ಹಾಕಿ ಬೈದ.

“ಈಗ ಹೇಳ್ತೀಯಾ? ಈಗ? ಹೈವೇಲಿ?” ಎಂದು ಕೂಗಿದೆ. ಕೂಗಿದವಳೇ ಅಳತೊಡಗಿದೆ. ಅಕ್ಕನೂ ಅತ್ತಳು. ಸೆರಗಿನಲ್ಲಿ ಮೊದಲು ನನ್ನ ಮೂಗು ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು.

ಒಂದು ಪೆಟ್ರೋಲ್ ಬಂಕ್ ಬಂತು. ನಾನು ಒಳಗೆ ತಿರುಗಿಸಿ, ಗಾಳಿ ತುಂಬುವ ಕಡೆ ಕಾರು ನಿಲ್ಲಿಸಿದೆ.

“ಆ ಹದಿನೆಂಟು ಸೆಕೆಂಡು ಅಂದ್ಯಲ್ಲ, ಎಷ್ಟಕ್ಕೆ ಬಿಟ್ಟೆ?” ಎಂದಳು ಅಕ್ಕ.

“ಐದಕ್ಕೆ.”

“ಉಳಿದಿದ್ದು ಎಲ್ಲಿದೆ?”

ನಾನು ಹಿಂದಿನ ಸೀಟಿನಿಂದ ಪಿಟೀಲು ತೆಗೆದೆ. ಕಾರಿನ ಪಕ್ಕದಲ್ಲಿ ನಿಂತು ಗದ್ದದ ಕೆಳಗೆ ಇಟ್ಟುಕೊಂಡೆ. ಅಕ್ಕ ಇಳಿದು ಬಂದು, ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಾನೆಟ್ ಮೇಲೆ ತಾಳ ಹಾಕಲು ಕೈ ಎತ್ತಿದಳು.

“ಹೊರಡು. ನಾನು ಹಿಂದೆ ಬರ್ತೀನಿ” ಎಂದಳು.

ಮೊದಲಿನಿಂದ ಶುರುಮಾಡಿದೆ. ಒಂದು, ಎರಡು, ಮೂರು, ನಾಲ್ಕು. ಐದನೇ ಬಾರು ದಾಟಿತು. ಬೈಕಿಗೆ ಗಾಳಿ ತುಂಬುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅಕ್ಕನಿಗೆ ಈ ಓಟ ಅಭ್ಯಾಸವಿಲ್ಲ. ಏಳನೇ ಬಾರಿನಲ್ಲಿ ಅವಳ ತಾಳ ಹಿಂದೆ ಬಿತ್ತು, ಅವಳ ಮುಖದಲ್ಲಿ ಗಾಬರಿ ಕಂಡಿತು. ನನ್ನ ಕಮಾನು ಅಭ್ಯಾಸಬಲದಿಂದ ನಿಧಾನಿಸಿ ಅವಳಿಗಾಗಿ ಕಾಯಲು ನೋಡಿತು.

ನಾನು ಕಾಯಲಿಲ್ಲ. ಹತ್ತನೇ ಬಾರಿನಲ್ಲಿ ಅಕ್ಕನೇ ತಾಳದಲ್ಲಿ ಓಡಿ ಬಂದು ನನ್ನನ್ನು ಹಿಡಿದಳು.